ಕಾಡಿನ ದಾರಿಯಲ್ಲಿ ಅಪ್ಪ ಮತ್ತು ಮಗ

ಶಿಕಾರಿಪುರದ ಕಡೆಯವರಿಗೆ ಅಂಜನಾಪುರ ಎಂದಕೂಡಲೇ ನೆನಪಾಗುವುದು ಅಣೆಕಟ್ಟೆ. ಹುಂಚದ ಬಳಿಯ ಬೆಟ್ಟದಲ್ಲಿ ಹುಟ್ಟುವ ಕುಮುದ್ವತಿ ನದಿ, ಚೋರಡಿಯ ಸೇತುವೆಯ ಕೆಳಗೆ ಹಾದು ಬಂದು ಇಲ್ಲಿ ತುಂಬಿ ನಿಲ್ಲುತ್ತದೆ. ಮಳೆಗಾಲದಲ್ಲಿ ಕೋಡಿ ಬಿದ್ದಿತೆಂದರೆ ಸುತ್ತಲ ಊರುಗಳ ಜನವೆಲ್ಲ ನೋಡಲು ಬರುತ್ತಾರೆ. ಬೇರೆ ದಿನಗಳ ಸಂಜೆಯಲ್ಲಿ ಏರಿಯ ಮೇಲೆ ತಂಗಾಳಿಗೆ ಬಂದ ಸಂಸಾರಗಳನ್ನು ಕಾಣಬಹುದು. ಮುಂದೆ ಅಪ್ಪ, ಕಿವಿಯಲ್ಲಿ ಮೊಬೈಲು. ನಾಲ್ಕು ಮಾರು ಹಿಂದೆ ಮಗ, ನೀರಿಗೆ ಕಲ್ಲು ಎಸೆಯುತ್ತಾ. ಇಬ್ಬರೂ ನಡೆಯುತ್ತಿದ್ದಾರೆ, ಆದರೆ ಜೊತೆಯಲ್ಲಿ ನಡೆಯುತ್ತಿದ್ದಾರೆ ಎಂದು ಹೇಳುವುದು ಕಷ್ಟ.

ಇದೇ ಸೀಮೆಯ ಕಾಡುಗಳಲ್ಲಿ ಹಿಂದೊಮ್ಮೆ ಓಡಾಡಿದ ಮತ್ತೊಬ್ಬ ತಂದೆಯ ಬದುಕನ್ನು ಈ ವಾರ ನಮ್ಮ ಓದುಗರೊಂದಿಗೆ ಹಂಚಿಕೊಳ್ಳಬೇಕೆನಿಸಿತು. ಅವರ ಹೆಸರು ಕೆನೆತ್ ಆಂಡರ್ಸನ್. ನರಭಕ್ಷಕ ಹುಲಿ ಚಿರತೆಗಳ ಬೇಟೆಗಾರರೆಂದು, ಕಾಡಿನ ಕತೆಗಳ ಲೇಖಕರೆಂದು ನಮ್ಮಲ್ಲಿ ಅನೇಕರಿಗೆ ಅವರು ಗೊತ್ತು. ಪೂರ್ಣಚಂದ್ರ ತೇಜಸ್ವಿಯವರು 'ಕಾಡಿನ ಕಥೆಗಳು' ಎಂಬ ಹೆಸರಿನಲ್ಲಿ ಆ ಬರಹಗಳನ್ನು ಕನ್ನಡಕ್ಕೆ ತಂದ ಮೇಲಂತೂ ಶಾಲೆಯ ಮಕ್ಕಳಿಗೂ ಅವರ ಪರಿಚಯವಾಯಿತು. ನಮ್ಮ ಸೀಮೆಯ ಮೂರು ಊರುಗಳು ಅವರ ಕತೆಗಳ ತಲೆಬರಹದಲ್ಲೇ ಕುಳಿತಿವೆ: ಕೊರಳ ಸುತ್ತ ಜೂಲು ಬೆಳೆಸಿಕೊಂಡಿದ್ದ ಹುಲಿಯ ಕತೆಯಲ್ಲಿ ಚೋರಡಿ, ಹುಲಿಗಳ ಮತ್ತೊಂದು ಕತೆಯಲ್ಲಿ ತ್ಯಾಗರ್ತಿ, ದೊರೆಯಂತೆ ಬಾಳಿದ ಹುಲಿಯೊಂದರ ಕತೆಯಲ್ಲಿ ಅಂಬ್ಲಿಗೊಳ. ಆದರೆ ಈ ಪುಟದಲ್ಲಿ ನಮಗೆ ಮುಖ್ಯವಾಗುವುದು ಅವರ ಬಂದೂಕಲ್ಲ. ಮಗನ ಕೈ ಹಿಡಿದು ಕಾಡಿಗೆ ಕರೆದುಕೊಂಡು ಹೋದ ತಂದೆ ಅವರು ಎಂಬುದು.

ಕೆನೆತ್ ಹುಟ್ಟಿದ್ದು 1910ರ ಮಾರ್ಚ್ 8ರಂದು, ಹೈದರಾಬಾದು ಸೀಮೆಯ ಬೊಲಾರಂನಲ್ಲಿ. ತಲೆಮಾರುಗಳ ಹಿಂದೆಯೇ ಭಾರತಕ್ಕೆ ಬಂದು ನೆಲೆಸಿದ್ದ ಸ್ಕಾಟ್ಲೆಂಡ್ ಮೂಲದ ಮನೆತನ. ತಂದೆ ಡಗ್ಲಾಸ್ ಆಂಡರ್ಸನ್ ಸೈನಿಕರ ಸಂಬಳದ ಲೆಕ್ಕ ನೋಡುವ ಕಚೇರಿಯಲ್ಲಿ ಅಧಿಕಾರಿಯಾಗಿದ್ದರು. ಅಂಕಿಗಳ ನಡುವೆ ದಿನ ಕಳೆಯುತ್ತಿದ್ದ ಆ ಮನುಷ್ಯನಿಗೆ ಬಿಡುವು ಸಿಕ್ಕರೆ ನೀರುಹಕ್ಕಿಗಳ ಬೇಟೆಯ ಹುಚ್ಚು. ಮಗನಿಗೆ ಆ ಗೀಳು ಹತ್ತಿದ್ದು ತಂದೆಯಿಂದಲೇ. ದೊಡ್ಡ ಬೇಟೆಗಾರನೆಂದು ಹೆಸರಾದವನಿಗೆ ಮೊದಲ ಪಾಠ ಸಿಕ್ಕಿದ್ದು ಕೆರೆಯಂಗಳದ ಬಾತುಗಳ ಹಿಂದೆ, ಅಪ್ಪನ ಹೆಜ್ಜೆಯ ಜಾಡಿನಲ್ಲಿ. ಹೀಗೆ ನೋಡಿದರೆ ಈ ಕತೆ ಎರಡು ತಲೆಮಾರಿನದಲ್ಲ, ಮೂರು ತಲೆಮಾರಿನದು.

ಬೆಂಗಳೂರಿನ ಬಿಷಪ್ ಕಾಟನ್ ಶಾಲೆಯಲ್ಲಿ, ಆಮೇಲೆ ಸಂತ ಜೋಸೆಫರ ಕಾಲೇಜಿನಲ್ಲಿ ಅವರ ಓದು ನಡೆಯಿತು. 1882ರಲ್ಲಿ ಪ್ಯಾರಿಸ್ ವಿದೇಶಿ ಮಿಷನ್ನಿನ ಗುರುಗಳು ಸ್ಥಾಪಿಸಿದ ಈ ಕಾಲೇಜು ಯೇಸುಸಭೆಯವರ ಕೈಗೆ ಬಂದದ್ದು 1937ರಲ್ಲಿ. ಆಂಡರ್ಸನ್ ಓದುವಾಗ ಅಲ್ಲಿ ಇನ್ನೂ ಫ್ರೆಂಚ್ ಗುರುಗಳ ಆಡಳಿತವೇ ಇತ್ತು. ಕಾನೂನು ಓದಲಿ ಎಂದು ಮನೆಯವರು ಎಡಿನ್‌ಬರೋಗೆ ಕಳಿಸಿದರು. ಅಲ್ಲಿ ಮನಸ್ಸು ನಿಲ್ಲಲಿಲ್ಲ. ಓದನ್ನು ಅರ್ಧಕ್ಕೆ ಬಿಟ್ಟು ಬೆಂಗಳೂರಿಗೆ ಮರಳಿ ಬಂದರು. ಅಂದಿನ ಕಾಲಕ್ಕೆ ಇದು ಸಣ್ಣ ಸಂಗತಿಯಲ್ಲ. ಕಡಲು ದಾಟಿ ಹೋದ ಹುಡುಗ ವಕೀಲನಾಗದೆ ಹಿಂತಿರುಗಿದರೆ ಮನೆಯಲ್ಲಿ ಯಾವ ಮುಖ ಕಾಣಬೇಕಾಗುತ್ತದೆ ಎಂಬುದನ್ನು ಮಕ್ಕಳಿರುವ ನಮಗೆ ಯಾರೂ ಬಿಡಿಸಿ ಹೇಳಬೇಕಾಗಿಲ್ಲ.

ಆಮೇಲಿನದು ನಮ್ಮ ನಿಮ್ಮಂಥವರ ಬದುಕೇ. ಅಂಚೆ ತಂತಿ ಇಲಾಖೆಯಲ್ಲಿ ಸುಮಾರು 15 ವರ್ಷ ನೌಕರಿ, ನಂತರ ಬೆಂಗಳೂರಿನ ವಿಮಾನ ಕಾರ್ಖಾನೆಯಲ್ಲಿ ಕೆಲಸ. ಬ್ಲಾಸಮ್ ಫ್ಲೆಮಿಂಗ್ ಎಂಬಾಕೆಯೊಡನೆ ಮದುವೆ. 1930ರಲ್ಲಿ ಮಗಳು ಜೂನ್, 1934ರಲ್ಲಿ ಮಗ ಡೊನಾಲ್ಡ್. ಕಾಡಿನ ಲೇಖಕ ಎಂದರೆ ವರ್ಷವಿಡೀ ಡೇರೆಯಲ್ಲೇ ಮಲಗಿರುತ್ತಿದ್ದ ದೊರೆ ಎಂದು ಕೆಲವರು ಭಾವಿಸುತ್ತಾರೆ. ಹಾಗಲ್ಲ. ಅವರು ಸಂಬಳಕ್ಕೆ ದುಡಿಯುತ್ತಿದ್ದ ಮನುಷ್ಯ. ರಜೆ ಕೇಳಿಕೊಳ್ಳಬೇಕಿತ್ತು, ವಾರದ ಕೊನೆಗಾಗಿ ಕಾಯಬೇಕಿತ್ತು. ಅವರ ಎಷ್ಟೋ ಕತೆಗಳು ರಜೆ ಮುಗಿಯಿತು, ಊರಿಗೆ ಮರಳಲೇಬೇಕು ಎಂಬ ಚಿಂತೆಯೊಂದಿಗೇ ಸಾಗುತ್ತವೆ. ಸಿಕ್ಕ ಬಿಡುವನ್ನು ಅವರು ಕಾಡಿಗೆ ಕೊಟ್ಟರು. ಆ ಕಾಡಿಗೆ ಮಗನನ್ನೂ ಜೊತೆಗೆ ಕರೆದೊಯ್ದರು. ಬಿಡುವಿಲ್ಲ ಎನ್ನುವ ತಂದೆಯರು ಇದನ್ನೊಂದಿಷ್ಟು ಗಮನಿಸಬಹುದು.

ಆ ಮನೆಯೂ ಒಂದು ಬಗೆಯಲ್ಲಿ ಕಾಡಿನ ತುಣುಕೇ ಆಗಿತ್ತು. ಕರಡಿಮರಿಯ ಕತೆಯನ್ನು ಶಾಲೆಯ ಇಂಗ್ಲಿಷ್ ಪಾಠದಲ್ಲಿ ಓದಿದ ಮಕ್ಕಳು ನಮ್ಮ ಮನೆಗಳಲ್ಲಿ ಇರಬಹುದು. ಮೈಸೂರಿನ ಹತ್ತಿರ ಕಬ್ಬಿನ ಗದ್ದೆಗಳ ಬದಿಯಲ್ಲಿ, ಸಂಗಡಿಗನೊಬ್ಬ ಯಾವ ಕಾರಣವೂ ಇಲ್ಲದೆ ತಾಯಿ ಕರಡಿಯೊಂದಕ್ಕೆ ಗುಂಡು ಹೊಡೆದ. ಸತ್ತ ತಾಯಿಯ ಮೈಮೇಲೆ ಅಳುತ್ತಿದ್ದ ಮರಿಯನ್ನು ಆಂಡರ್ಸನ್ ಅಟ್ಟಿಸಿ ಹಿಡಿದು ಬೆಂಗಳೂರಿಗೆ ತಂದು ಹೆಂಡತಿಗೆ ಕೊಟ್ಟರು. ಮರಿ ಮನೆಯವರೆಲ್ಲರ ಮುದ್ದಾಯಿತು. ಒಮ್ಮೆ ಇಲಿಪಾಷಾಣ ತಿಂದು ಕೈಕಾಲು ಬಿದ್ದುಹೋಗಿ, ಪಶುವೈದ್ಯರ ಸೂಜಿಮದ್ದಿನಿಂದ ಬದುಕಿತು. ಬೆಳೆದು ದೊಡ್ಡದಾದ ಮೇಲೆ ಮೈಸೂರಿನ ಮೃಗಾಲಯಕ್ಕೆ ಕಳಿಸಿದರೆ, ಅತ್ತ ಅದು ಅನ್ನ ಮುಟ್ಟಲಿಲ್ಲ, ಇತ್ತ ಬ್ಲಾಸಮ್ ಅವರಿಗೆ ಸಮಾಧಾನವಿಲ್ಲ. ಮೂರು ತಿಂಗಳಾದ ಮೇಲೆ ನೋಡಲು ಹೋದಾಗ ಅದು ದೂರದಿಂದಲೇ ಗುರುತು ಹಿಡಿದು ಕುಣಿಯಿತು. ಕೊನೆಗೆ ಮೇಲಧಿಕಾರಿಯ ಅಪ್ಪಣೆ ಪಡೆದು ಅದನ್ನು ಮರಳಿ ತಂದು, ಮನೆಯ ಅಂಗಳದಲ್ಲೇ ಸುತ್ತ ಕಂದಕ ತೋಡಿಸಿ ಪುಟ್ಟ ದ್ವೀಪ ಮಾಡಿಕೊಟ್ಟರು. ಹುಲಿಗೆ ಗುರಿಯಿಡುವ ಕೈಯೇ ಅನಾಥ ಕರಡಿಗೆ ಮನೆ ಕಟ್ಟಿಕೊಟ್ಟಿತು. ಆ ಮನುಷ್ಯನೊಳಗಿನ ಈ ಎಳೆದಾಟವನ್ನು ಮರೆತರೆ ಅವರ ಮುಂದಿನ ಬದುಕು ಅರ್ಥವಾಗುವುದಿಲ್ಲ.

ಈಗ ನಡಿಗೆಯ ಮಾತಿಗೆ ಬರೋಣ. ಆಂಡರ್ಸನ್ ಅವರಿಗೆ ಮಚಾನಿನ ಮೇಲೆ ಕುಳಿತು ಕಾಯುವುದು ಎಷ್ಟು ಗೊತ್ತಿತ್ತೋ, ನೆಲದ ಮೇಲೆ ನಡೆಯುವುದು ಅದಕ್ಕಿಂತ ಇಷ್ಟವಾಗಿತ್ತು. ಬೆಳಗಿನ ಜಾವ, ಇನ್ನೂ ಮುಖ ಕಾಣದ ಹೊತ್ತಿನಲ್ಲಿ, ಕಾಡಿನ ಬಂಡಿದಾರಿಯಲ್ಲಿ ಸದ್ದಿಲ್ಲದೆ ಸುತ್ತಾಡುವುದು. ತಿರುಗಾಡುವುದು ಎಂಬರ್ಥದ ಹಿಂದಿ ಮಾತಿನಿಂದ ಶಿಕಾರಿಯವರು ಮಾಡಿಕೊಂಡ ಪದವೊಂದನ್ನು ಅವರು ಇದಕ್ಕೆ ಬಳಸುತ್ತಿದ್ದರು. ಈ ಸುತ್ತಾಟದಲ್ಲಿ ಏನೂ ಕೊಲ್ಲಬೇಕೆಂದಿಲ್ಲ. ಏನು ಕಾಣುತ್ತದೆ, ಏನು ಕೇಳುತ್ತದೆ ಎಂಬುದೇ ಮುಖ್ಯ.

ಅಂಥ ನಡಿಗೆಯಲ್ಲಿ ಕಲಿಯುವುದು ಎಷ್ಟೊಂದು! ಹಳ್ಳದ ಮರಳಿನ ಮೇಲೆ ರಾತ್ರಿ ಯಾರು ಹಾದುಹೋದರು ಎಂಬುದನ್ನು ಬೆಳಿಗ್ಗೆ ಓದಬಹುದು. ಗಂಡು ಹುಲಿಯ ಹೆಜ್ಜೆ ಚೌಕವಾಗಿ ಮೂಡುತ್ತದೆ, ಹೆಣ್ಣಿನದು ಕೊಂಚ ಉದ್ದ. ಅಂಚು ಇನ್ನೂ ಕುಸಿಯದೆ ಚೂಪಾಗಿದ್ದರೆ ಹೆಜ್ಜೆ ಹೊಸದು. ಅದರ ಮೇಲೆ ಹುಳು ಹರಿದ ಗೆರೆಯಿದ್ದರೆ ಹಳೆಯದು. ಮರದ ತುದಿಯಲ್ಲಿ ಕಾವಲಿರುವ ಮುಸುವ ಕೆಮ್ಮಿದಂತೆ ಕೂಗಿದರೆ, ಕಡವೆ ಒಮ್ಮೆಲೆ ಗಂಟಲು ಬಿಚ್ಚಿದರೆ, ಹುಲಿಯೋ ಚಿರತೆಯೋ ನಡೆದಾಡುತ್ತಿದೆ ಎಂದೇ ತಿಳಿಯಬೇಕು. ಆನೆಗೆ ಕಣ್ಣು ಮಂದ, ಮೂಗು ಬಲು ಚುರುಕು. ಆದ್ದರಿಂದ ಗಾಳಿ ಯಾವ ಕಡೆಯಿಂದ ಬೀಸುತ್ತಿದೆ ಎಂದು ನೋಡಿಕೊಂಡು ಹೆಜ್ಜೆ ಇಡಬೇಕು. ಹುಲಿಯ ವಿಷಯ ಹಾಗಲ್ಲ. ಅದರ ಮೂಗಿಗಿಂತ ಕಣ್ಣು ಕಿವಿಗಳಿಗೆ ಅಂಜಬೇಕು, ಕದಲದೆ ನಿಂತವನು ಅದಕ್ಕೆ ಬೇಗ ಕಾಣಿಸುವುದಿಲ್ಲ. ಕರಡಿಯನ್ನು ಮಾತ್ರ ನಂಬುವಂತಿಲ್ಲ, ಕಾಣದೆ ಕೇಳದೆ ಎದುರಿಗೇ ಬಂದುಬಿಟ್ಟು ಹೆದರಿ ಮೇಲೆ ಬೀಳುತ್ತದೆ. ನರಭಕ್ಷಕ ಇರುವ ಕಾಡಾದರೆ ಮುಂದೆ ನೋಡಿದಷ್ಟೇ ಹಿಂದೆಯೂ ನೋಡುತ್ತಾ ನಡೆಯಬೇಕು.

ಇಂಥ ವಿದ್ಯೆ ಪುಸ್ತಕದಿಂದ ಬರುವುದಿಲ್ಲ, ಮನೆಯ ಹಜಾರದಲ್ಲಿ ಕೂರಿಸಿ ಹೇಳಿಕೊಟ್ಟರೂ ಬರುವುದಿಲ್ಲ. ಆಂಡರ್ಸನ್ ಕೂಡ ಇದರಲ್ಲಿ ಬಹುಪಾಲನ್ನು ಕಲಿತದ್ದು ಕಾಡಿನ ಜನರಿಂದ. ಅಂದಿನ ಸೇಲಂ ಜಿಲ್ಲೆಯ ಕಾಡಿನಲ್ಲಿ, ಚಿನ್ನಾರ್ ಹೊಳೆಯ ದಂಡೆಯ ಪೊಟರೆಯಲ್ಲಿ ವಾಸವಿದ್ದ ಬೈರ ಎಂಬ ಪೂಜಾರಿ ಬುಡಕಟ್ಟಿನವನು ಅವರ ಗುರು. ಬೈರನಿಗೆ ಅಕ್ಷರ ಬರುತ್ತಿರಲಿಲ್ಲ, ಉಡಲು ನೆಟ್ಟಗೆ ಬಟ್ಟೆ ಇರಲಿಲ್ಲ. ಆದರೂ ಅವನನ್ನು ಆಂಡರ್ಸನ್ ತಮಗಿಂತ ಮೇಲಿನವನೆಂದೇ ಕಂಡು, ಒಂದು ಕತೆಗೆ ಅವನ ಹೆಸರನ್ನೇ ಇಟ್ಟರು. ಕನ್ನಡ, ತಮಿಳು ಎರಡನ್ನೂ ಮಾತನಾಡುತ್ತಿದ್ದ ಅವರಿಗೆ ಹಳ್ಳಿಗರೊಡನೆ ಬೆರೆಯುವುದು ಕಷ್ಟವಾಗಲಿಲ್ಲ. ಆ ಜನರೊಡನೆ ತಂದೆ ಹೇಗೆ ಕುಳಿತುಕೊಳ್ಳುತ್ತಾರೆ, ಹೇಗೆ ಮಾತನಾಡಿಸುತ್ತಾರೆ, ಯಾರ ಮಾತಿಗೆ ತಲೆದೂಗುತ್ತಾರೆ ಎಂಬುದನ್ನು ಜೊತೆಯಲ್ಲಿರುವ ಮಗ ನೋಡದೆ ಇರುತ್ತಾನೆಯೇ? ದೊಡ್ಡವರನ್ನು ಗೌರವಿಸು ಎಂದು ನೂರು ಸಲ ಹೇಳುವುದಕ್ಕಿಂತ ಇಂಥದೊಂದು ನೋಟ ಮಗುವಿನ ಮನಸ್ಸಿಗೆ ಹೆಚ್ಚು ನಾಟುತ್ತದೆ.

ಜೊತೆಯಾಗಿ ನಡೆಯುವುದರಲ್ಲಿ ಮತ್ತೊಂದು ಗುಣವಿದೆ. ಎದುರಿಗೆ ಕೂರಿಸಿಕೊಂಡು ಶಾಲೆಯಲ್ಲಿ ಏನಾಯಿತು, ಅಂಕ ಎಷ್ಟು ಬಂತು ಎಂದು ಕೇಳಿದರೆ ಮಕ್ಕಳು ಬಾಯಿ ಬಿಡುವುದಿಲ್ಲ. ಅದು ವಿಚಾರಣೆಯಂತೆ ಕಾಣುತ್ತದೆ. ಪಕ್ಕಪಕ್ಕದಲ್ಲಿ ನಡೆಯುವಾಗ ಇಬ್ಬರ ಕಣ್ಣೂ ಬೇರೊಂದರ ಮೇಲಿರುತ್ತದೆ: ದಾರಿಯ ಮೇಲೆ, ಮರದ ಮೇಲೆ, ಹಾರಿದ ಹಕ್ಕಿಯ ಮೇಲೆ. ಆಗ ಮಾತು ತಾನಾಗಿ ಬರುತ್ತದೆ. ಬಾರದಿದ್ದರೂ ನಷ್ಟವಿಲ್ಲ. ಆಂಡರ್ಸನ್ ಅವರ ಕಾಡಿನಲ್ಲಂತೂ ಮಾತಾಡುವುದೇ ನಿಷಿದ್ಧ. ಬೆರಳು ತೋರಿಸುವುದು, ಕಣ್ಸನ್ನೆ, ನಿಲ್ಲು ಎಂದು ಭುಜದ ಮೇಲೆ ಇಟ್ಟ ಕೈ, ಇಷ್ಟೇ. ಆದರೂ ಆ ಮೌನದಲ್ಲಿ ತಂದೆಮಗನ ನಡುವೆ ಸಾಗಿದ ವ್ಯವಹಾರ ಸಾಮಾನ್ಯವಾದದ್ದಲ್ಲ. ತನ್ನ ಜೀವ ಅಪ್ಪನ ಎಚ್ಚರದ ಮೇಲಿದೆ ಎಂದು ಮಗನಿಗೆ ಗೊತ್ತು. ಇವನನ್ನು ಇಲ್ಲಿಗೆ ತಂದವನು ನಾನು ಎಂದು ಅಪ್ಪನಿಗೆ ಗೊತ್ತು.

ಮಗಳ ಮಾತು ಏನು ಎಂದು ನಮ್ಮ ಸಹೋದರಿಯರು ಕೇಳಬಹುದು. ನ್ಯಾಯವಾದ ಪ್ರಶ್ನೆಯೇ. ಆಂಡರ್ಸನ್ ಅವರ ಪುಸ್ತಕಗಳಲ್ಲಿ ಡೊನಾಲ್ಡ್ ಹೆಸರು ಬರುವಷ್ಟು ಜೂನ್ ಹೆಸರು ಬರುವುದಿಲ್ಲ. ಕಾಡು ಗಂಡುಮಕ್ಕಳ ಪಾಲು ಎಂಬುದು ಆ ಕಾಲದ ಎಣಿಕೆ. ಅಂಜನಾಪುರದ ಏರಿಯಲ್ಲಿ ನಡೆಯಲು ಇಂದು ಆ ಎಣಿಕೆ ಬೇಕಾಗಿಲ್ಲ.

1939ರಿಂದ 1966ರವರೆಗೆ ಸರ್ಕಾರದ ದಾಖಲೆಗೆ ಸೇರಿದಂತೆ ಅವರು ಕೊಂದ ನರಭಕ್ಷಕ ಪ್ರಾಣಿಗಳು 8 ಚಿರತೆ ಮತ್ತು 7 ಹುಲಿ. ಹಳ್ಳಿಯ ಜನ ಬಾಗಿಲು ಹಾಕಿಕೊಂಡು, ಗದ್ದೆಗೆ ಹೋಗಲಾರದೆ, ನೀರಿಗೆ ಇಳಿಯಲಾರದೆ ನಡುಗುತ್ತಿದ್ದ ಕಡೆಗಳಿಗೆ ಅವರು ಹೋಗಿ ನಿಲ್ಲುತ್ತಿದ್ದರು. ಅವರ ಮೊದಲ ಪುಸ್ತಕ 1954ರಲ್ಲಿ ಬಂದಿತು. ಆಗ ಡೊನಾಲ್ಡ್‌ಗೆ 20 ವರ್ಷ. ಅಷ್ಟರಲ್ಲಿ ಮಗನೂ ಪಳಗಿದ ಬೇಟೆಗಾರನಾಗಿದ್ದ.

ಇಲ್ಲಿಂದ ಮುಂದೆ ಕತೆ ಸ್ವಲ್ಪ ತೊಡಕಾಗುತ್ತದೆ. ತಂದೆ ಮಗನಿಗೆ ಎರಡನ್ನು ಕೊಟ್ಟಿದ್ದರು: ಒಂದು ಕಾಡಿನ ಪ್ರೀತಿ, ಇನ್ನೊಂದು ಬಂದೂಕು. ಅವೆರಡೂ ಒಂದೇ ಎಂದು ಆ ಕಾಲದಲ್ಲಿ ಎಲ್ಲರೂ ನಂಬಿದ್ದರು. ವರ್ಷಗಳು ಕಳೆದಂತೆ ಆಂಡರ್ಸನ್ ಅವರಿಗೆ ಅವೆರಡೂ ಬೇರೆ ಬೇರೆ ಎಂದು ಕಾಣತೊಡಗಿತು. ತಾವು ಯೌವನದಲ್ಲಿ ಕಂಡ ಕಾಡುಗಳು ಕರಗುತ್ತಿದ್ದವು. ಕಾರಿನ ದೀಪ ಹಾಕಿಕೊಂಡು ರಾತ್ರಿಯಲ್ಲಿ ಕೊಲ್ಲುವವರು, ಬೆಳೆಕಾವಲಿನ ಹೆಸರಿನಲ್ಲಿ ಸಿಕ್ಕಿದ್ದಕ್ಕೆಲ್ಲ ಹೊಡೆಯುವವರು, ವಿಷವಿಕ್ಕುವವರು ಹೆಚ್ಚಿದರು. ಅವರ ಬರಹಗಳಲ್ಲಿ ಬೇಟೆಯ ಉತ್ಸಾಹ ಕಡಿಮೆಯಾಗಿ ಅಳಲು ಹೆಚ್ಚಾಯಿತು. ಪ್ರಾಣಿಯನ್ನು ಹೊಡೆಯುವುದಕ್ಕಿಂತ ಕ್ಯಾಮೆರಾದಲ್ಲಿ ಹಿಡಿಯುವುದು ಹೆಚ್ಚಿನ ವಿದ್ಯೆ, ಹೆಚ್ಚಿನ ಧೈರ್ಯದ ಕೆಲಸ ಎಂಬ ನಿಲುವಿಗೆ ಅವರು ಬಂದರು. ಜನರ ಜೀವಕ್ಕೆ ಎರವಾದ ಪ್ರಾಣಿಯನ್ನು ಬಿಟ್ಟು ಬೇರೆಯದರ ಮೇಲೆ ಗುಂಡು ಹಾರಿಸಲು ಅವರಿಗೆ ಮನಸ್ಸು ಬಾರದಾಯಿತು.

ಆದರೆ ಮಗನ ನೆತ್ತರು ಇನ್ನೂ ಬಿಸಿಯಿತ್ತು. ಕಲಿತ ವಿದ್ಯೆ ಕೈಯಲ್ಲಿತ್ತು. ಡೊನಾಲ್ಡ್ ಬೇಟೆಯನ್ನು ಬಿಡಲಿಲ್ಲ. ತಂದೆ ನಡೆದು ಮುಗಿಸಿದ ದಾರಿಯಲ್ಲಿ ಅವರು ಇನ್ನೂ ನಡೆಯುತ್ತಲೇ ಇದ್ದರು. ಬೇಡ ಎಂದು ಹೇಳುವ ಹಕ್ಕು ತಂದೆಗೆ ಎಷ್ಟಿತ್ತು? ಹತ್ತು ವಯಸ್ಸಿನ ಹುಡುಗನಿಗೆ ಹಿಡಿಸಿದ ಹುಚ್ಚನ್ನು ಮೂವತ್ತರಲ್ಲಿ ಬಿಡಿಸಿಕೊಳ್ಳುವುದು ಸುಲಭವೇ? ಇದು ಬಂದೂಕಿಗೆ ಮಾತ್ರ ಸಂಬಂಧಿಸಿದ ಪ್ರಶ್ನೆಯಲ್ಲ ಎಂದು ನಮಗನಿಸುತ್ತದೆ. ಸಂಜೆಯ ಗ್ಲಾಸು, ಬೈಗುಳ, ಜಾತಿಯ ಮಾತು, ಅಣ್ಣತಮ್ಮಂದಿರ ಮೇಲಿನ ಹಗೆ ಇವೆಲ್ಲವೂ ಅಪ್ಪನ ಜೊತೆಯ ನಡಿಗೆಯಲ್ಲೇ ಮಕ್ಕಳಿಗೆ ಹತ್ತುತ್ತವೆ. ಅಪ್ಪ ಮುಂದೊಂದು ದಿನ ಬದಲಾಗಬಹುದು, ಮಗನಿಗೆ ಆ ಸುದ್ದಿ ತಲುಪುವುದು ತಡ.

1970ರಲ್ಲಿ ಹುಲಿಬೇಟೆಗೆ ದೇಶದಾದ್ಯಂತ ನಿಷೇಧ ಬಂದಿತು. 1972ರಲ್ಲಿ ವನ್ಯಜೀವಿ ಸಂರಕ್ಷಣಾ ಕಾಯಿದೆ ಆಯಿತು. ಡೊನಾಲ್ಡ್‌ಗೆ ಆಗ 38 ವರ್ಷ. ತಂದೆಗೆ ಆಗಲೇ ದೇಹ ಸೋಲುತ್ತಿತ್ತು. 1974ರ ಆಗಸ್ಟ್ 30ರಂದು, 64ನೆಯ ವಯಸ್ಸಿನಲ್ಲಿ, ಕ್ಯಾನ್ಸರಿನಿಂದ ಕೆನೆತ್ ಆಂಡರ್ಸನ್ ಬೆಂಗಳೂರಿನಲ್ಲಿ ತೀರಿಕೊಂಡರು. ಹಿಂದಿನ ಕಾಲದ ಕಾಡುಗಳನ್ನು ನೆನೆಯುವ ಅವರ ಕೊನೆಯ ಪುಸ್ತಕ ಅಚ್ಚಾಗಿ ಬಂದದ್ದು 1976ರಲ್ಲಿ, ಅವರು ಇಲ್ಲವಾದ ಮೇಲೆ.

ಅವರನ್ನು ಕನ್ನಡಕ್ಕೆ ತಂದ ತೇಜಸ್ವಿಯವರ ಬದುಕಿನಲ್ಲೂ ಇಂಥದೇ ತಿರುವು ಇತ್ತು ಎಂಬುದನ್ನು ಇಲ್ಲಿ ಹೇಳದಿರಲಾಗದು. ನಮ್ಮ ಶಿವಮೊಗ್ಗ ಜಿಲ್ಲೆಯ ಕುಪ್ಪಳಿಯಲ್ಲಿ 1938ರಲ್ಲಿ ಹುಟ್ಟಿದ ಅವರೂ ಯೌವನದಲ್ಲಿ ಕೋವಿ ಹಿಡಿದು ತಿರುಗಿದವರೇ. ಮುಂದೆ ಕೋವಿ ಮೂಲೆ ಸೇರಿ, ಕೈಗೆ ಕ್ಯಾಮೆರಾ ಬಂದು, ಮೂಡಿಗೆರೆಯ ತೋಟದಲ್ಲಿ ಹಕ್ಕಿಗಳ ಚಿತ್ರ ತೆಗೆಯುತ್ತಾ ಕಾಲ ಕಳೆದರು. ಅವರ ತಂದೆ ಕುವೆಂಪು ಮೈಸೂರಿನ ಕುಕ್ಕರಹಳ್ಳಿ ಕೆರೆಯ ಏರಿಯ ಮೇಲೆ ನಿತ್ಯ ನಡೆಯುತ್ತಿದ್ದವರು. ನಡಿಗೆಗೆ ಹೊರಟ ಕವಿಯ ಮಗ ಕಾಡಿಗೆ ಹೊರಟ. 'ಅಣ್ಣನ ನೆನಪು' ಓದಿದವರಿಗೆ ಆ ತಂದೆಮಗನ ನಂಟು ಎಂಥದೆಂದು ಗೊತ್ತು. ಮಗ ತನ್ನ ದಾರಿ ಹಿಡಿದಾಗ ತಡೆಯದಿದ್ದದ್ದೂ ಒಂದು ಬಗೆಯ ಜೊತೆಯೇ.

ಡೊನಾಲ್ಡ್ ಆಂಡರ್ಸನ್ ಬಹುಕಾಲ ಬದುಕಿದರು. ಅವರ ಕಣ್ಣೆದುರಿಗೇ ಬೆಂಗಳೂರು ಊರಿನಿಂದ ಮಹಾನಗರವಾಯಿತು. ತಂದೆಯ ಕತೆಗಳಲ್ಲಿ ಚಿರತೆ ಓಡಾಡಿದ ಜಾಲಹಳ್ಳಿಯಲ್ಲಿ ಕಾರ್ಖಾನೆಗಳು ಎದ್ದವು. ಮುಪ್ಪಿನಲ್ಲಿ, ಆ ಕತೆಗಳನ್ನು ಓದಿ ಬೆಳೆದ ಯುವಕನೊಬ್ಬ ಅವರನ್ನು ಹುಡುಕಿಕೊಂಡು ಬಂದ. ಅವನೆದುರು ಅವರು ನೆನಪುಗಳನ್ನು ಬಿಚ್ಚಿದರು. ಅದರಲ್ಲಿ ತಂದೆಯ ಹೊಗಳಿಕೆ ಮಾತ್ರ ಇರಲಿಲ್ಲ. ಹೊರಗಿನವರು ಕಂಡ ವೀರನ ಜೊತೆಗೆ ಮನೆಯವರು ಕಂಡ ಮನುಷ್ಯನೂ ಇದ್ದ. 2014ರಲ್ಲಿ ಡೊನಾಲ್ಡ್ ತೀರಿಕೊಂಡರು. ಆ ನೆನಪುಗಳು 2018ರಲ್ಲಿ ಪುಸ್ತಕವಾಗಿ ಬಂದವು. ತಂದೆ ಹೋಗಿ ನಲವತ್ತು ವರ್ಷವಾಗಿದ್ದರೂ, ಎಂಬತ್ತರ ಮಗ ಅವರ ಜೊತೆಗೆ ಕಾಡಿನಲ್ಲಿ ನಡೆದ ದಿನಗಳನ್ನು ಕೈಬಿಟ್ಟಿರಲಿಲ್ಲ.

ನಮ್ಮ ಊರುಗಳಲ್ಲಿ ಇಂಥ ನಡಿಗೆಗೆ ಹುಲಿಯ ಕಾಡು ಬೇಕಿಲ್ಲ. ಭಾನುವಾರ ಬೆಳಗಿನ ಪೂಜೆ ಮುಗಿಸಿ ಬರುವಾಗ ಬಸ್ಸು ಹತ್ತದೆ ಒಂದಿಷ್ಟು ದೂರ ನಡೆಯಬಹುದು. ಸೊರಬದ ಕಡೆಯವರಿಗೆ ಗುಡವಿಯ ಹಕ್ಕಿಗಳಿವೆ. ಮಳೆಗಾಲದಲ್ಲಿ ನೀರೊಳಗಿನ ಮರಗಳ ಮೇಲೆ ಗೂಡು ಕಟ್ಟಿ ಮರಿ ಮಾಡುತ್ತವೆ. ವಾರಕ್ಕೊಂದು ದಿನ, ಗೊತ್ತಾದ ಒಂದು ಹೊತ್ತು, ಮೊಬೈಲನ್ನು ಮನೆಯಲ್ಲಿಟ್ಟು ಹೋದರಾಯಿತು. ಮೊದಲ ನಾಲ್ಕು ವಾರ ಮಕ್ಕಳು ಕಾಲು ನೋವು ಎನ್ನುತ್ತಾರೆ, ಅದಕ್ಕೆ ಬೇಸರಪಟ್ಟು ಬಿಡಬಾರದು.

ಬೇಸಿಗೆಯಲ್ಲಿ ಅಂಜನಾಪುರದ ನೀರು ಇಳಿದಾಗ ಅಂಚಿನಲ್ಲಿ ಕೆಸರಿನ ಪಟ್ಟಿಯೊಂದು ಬಿಟ್ಟುಕೊಳ್ಳುತ್ತದೆ. ಬೆಳಿಗ್ಗೆ ಬೇಗ ಹೋದರೆ ಅದರ ಮೇಲೆ ರಾತ್ರಿಯ ಲೆಕ್ಕವೆಲ್ಲ ಬರೆದಿರುತ್ತದೆ: ಕೊಕ್ಕರೆಯ ಮೂರು ಬೆರಳು, ನೀರು ಕುಡಿಯಲು ಬಂದ ದನದ ಗೊರಸು, ನಾಯಿಯದೋ ನರಿಯದೋ ತಿಳಿಯದ ಒಂದು ಸಾಲು ಹೆಜ್ಜೆ. ಯಾವುದರದ್ದೆಂದು ಮಗು ಕೇಳುತ್ತದೆ. ಗೊತ್ತಿಲ್ಲದಿದ್ದರೆ ಇಬ್ಬರೂ ಬಗ್ಗಿ ನೋಡಬೇಕಾಗುತ್ತದೆ.